ಹಳೇ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡ್ ಹಲಗೆ: ತರಿಸೋದಾ, ಮಾಡಿಸೋದಾ, ಇರೋದನ್ನೇ ಉಳಿಸೋದಾ?

ಮಂಡ್ಯದ ಗೆಳೆಯರೊಬ್ಬರು ಹೋದ ತಿಂಗಳು ಒಂದು ಫೋಟೋ ಕಳಿಸಿದ್ದರು. ಅವರ ಎಂಜಿಬಿ ಕಾರಿನ ಡ್ಯಾಶ್‌ಬೋರ್ಡ್. ಮೇಲಿನ ಮರದ ಹಾಳೆ ಬಿಸಿಲಿಗೆ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಫೋಟೋ ಹಿಂದೆಯೇ ಫೋನ್ ಬಂತು. "ಏನ್ ಮಾಡ್ಲಿ ಹೇಳಿ. ಇಂಗ್ಲೆಂಡಿಂದ ತರಿಸ್ಲಾ, ಇಲ್ಲೇ ಆಚಾರಿ ಹತ್ರ ಮಾಡಿಸ್ಲಾ, ಇಲ್ಲಾ ಸುಮ್ನೆ ಸ್ಟಿಕ್ಕರ್ ಹಾಕ್ಸಿಬಿಡ್ಲಾ?"

ಇದೇ ಪ್ರಶ್ನೆಯನ್ನು ಬೇರೆ ಬೇರೆ ಕಾರಿನವರು ನನಗೆ ಕೇಳುತ್ತಲೇ ಇರುತ್ತಾರೆ. ಕಾರಣ ಇಷ್ಟೇ, ಈ ವಿಷಯದಲ್ಲಿ ಮಾಡಬಹುದಾದ ತಪ್ಪುಗಳಲ್ಲಿ ಅರ್ಧದಷ್ಟನ್ನು ನಾನೇ ಮಾಡಿ ಮುಗಿಸಿದ್ದೇನೆ. ನನ್ನದು 1976ರ ಟ್ರಯಂಫ್ ಸ್ಪಿಟ್‌ಫೈರ್ 1500. ಯಾರೋ ಇಂಗ್ಲೆಂಡಿನಿಂದ ವಾಪಸ್ ಬರುವಾಗ ತಂದದ್ದು. ಆಮೇಲೆ ಬಹಳ ವರ್ಷ ಕೊಡಗಿನ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ನಿಂತಿತ್ತು. ನಾನು ಮೈಸೂರಿಗೆ ತಂದಾಗ ಎಂಜಿನ್ ಒಂದೇ ದಿನದಲ್ಲಿ ಸ್ಟಾರ್ಟ್ ಆಯಿತು. ನಮ್ಮ ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಗೊತ್ತಿರುವ ಹಳೇ ಮೆಕ್ಯಾನಿಕ್‌ಗೆ ಸ್ಪಿಟ್‌ಫೈರ್ ಹೊಸದೇನಲ್ಲ. ಎರಡೂ ಒಂದೇ ಮನೆಯ ಮಕ್ಕಳು. ಹೆರಾಲ್ಡ್‌ನ ಚಾಸಿಯನ್ನೇ ಕುಗ್ಗಿಸಿ 1962ರಲ್ಲಿ ಸ್ಪಿಟ್‌ಫೈರ್ ಮಾಡಿದ್ದು, ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಆದರೆ ಡ್ಯಾಶ್‌ಬೋರ್ಡ್‌ಗೆ ಮಾತ್ರ ನನಗೆ ಎರಡು ವರ್ಷ ಹಿಡಿಯಿತು.

ಮೊದಲು ಹಾಳಾಗಿರುವುದು ಏನು ಅಂತ ನೋಡಿ

ಎಲ್ಲರೂ ನೇರವಾಗಿ "ಯಾವುದು ಹಾಕಿಸಲಿ" ಅಂತ ಕೇಳುತ್ತಾರೆ. ಹೋಗಿರುವುದು ಮೇಲಿನ ಪಾಲಿಶ್ಶಾ, ಅದರ ಕೆಳಗಿನ ವಿನೀರಾ (ಅಂದರೆ ಮೇಲೆ ಅಂಟಿಸಿದ ತೆಳು ಮರದ ಹಾಳೆ), ಅದರ ಹಿಂದಿನ ಪ್ಲೈವುಡ್ಡಾ? ಇದು ಗೊತ್ತಾಗದೆ ಬೆಲೆ ಕೇಳುತ್ತಾ ಹೋದರೆ ಉಪಯೋಗವಿಲ್ಲ.

ನೋಡುವುದು ಕಷ್ಟವಲ್ಲ. ಬೆರಳ ಗೆಣ್ಣಿನಿಂದ ಹಲಗೆಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಒಳಗೆ ಚೆನ್ನಾಗಿದೆ. ಬೊಳ್ಳ್ ಅಂತ ಸದ್ದು ಬಂದ ಕಡೆ ಪದರ ಬಿಟ್ಟಿದೆ. ಆಮೇಲೆ ಚೋಕ್ ಗುಬುಟು, ಸ್ವಿಚ್ಚುಗಳು ಕೂತಿರುವ ತೂತುಗಳ ಅಂಚು ನೋಡಿ. ನೀರು ಕುಡಿದ ಪ್ಲೈವುಡ್ ಮೊದಲು ಉಬ್ಬುವುದು ಅಲ್ಲೇ. ಒಂದು ದಬ್ಬಳ ತೆಗೆದುಕೊಂಡು ಹಲಗೆಯ ಕೆಳ ಅಂಚಿಗೆ, ಕಣ್ಣಿಗೆ ಕಾಣದ ಕಡೆ, ಮೆಲ್ಲಗೆ ಚುಚ್ಚಿ. ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋದರೆ ಆ ಹಲಗೆಯ ಕಥೆ ಮುಗಿದಿದೆ. ಅದರ ಮೇಲೆ ಏನು ಹಾಕಿದರೂ ದಂಡ.

ನನ್ನ ಕಾರಿನಲ್ಲಿ ಡ್ರೈವರ್ ಕಡೆ ಹಲಗೆ ಗಟ್ಟಿಯಾಗಿತ್ತು. ಎಡಗಡೆ ಮಾತ್ರ ಮೂರು ಪದರ ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು. ತೋಟದ ಶೆಡ್ಡಿನ ತೇವ ಆ ಕಡೆಯಿಂದ ಬರುತ್ತಿತ್ತು ಅಂತ ಕಾಣುತ್ತೆ. ಹಲಗೆ ಬಿಚ್ಚಿದಾಗ ಹಿಂದೆ ಕಣಜದ ಮಣ್ಣಿನ ಗೂಡು ಬೇರೆ ಇತ್ತು, ಸ್ಪೀಡೋಮೀಟರಿಗೆ ಅಂಟಿಕೊಂಡೇ.

ಇನ್ನೊಂದು ಮಾತು. ನಿಮ್ಮ ಕಾರಿಗೆ ಕಾರ್ಖಾನೆಯಲ್ಲಿ ಏನು ಹಾಕಿದ್ದರು ಅಂತ ತಿಳಿದುಕೊಳ್ಳಿ. ಹಳೇ ಬ್ರಿಟಿಷ್ ಕಾರು ಅಂದ ತಕ್ಷಣ ಮರದ ಡ್ಯಾಶ್ ಅಂತ ನಾವು ಅಂದುಕೊಂಡುಬಿಡುತ್ತೇವೆ. ಹಾಗೇನಿಲ್ಲ. ಸ್ಪಿಟ್‌ಫೈರ್‌ನಲ್ಲಿ 1970ರ ಮಾರ್ಕ್ 4 ಬರುವ ತನಕ ಮೀಟರುಗಳೆಲ್ಲ ನಡುವೆ ಇದ್ದವು. ಮಾರ್ಕ್ 4ರಲ್ಲಿ ಅವು ಡ್ರೈವರ್ ಮುಂದೆ ಬಂದವು, ಆದರೆ ಶುರುವಿನಲ್ಲಿ ಕಪ್ಪು ಪ್ಲಾಸ್ಟಿಕ್. ಮರ ಬಂದದ್ದು 1973ರಲ್ಲಿ. ಎಂಜಿಬಿಯಂತೂ ಶುರುವಿನ ವರ್ಷಗಳಲ್ಲಿ ತಗಡಿನ ಡ್ಯಾಶ್, ಅದಕ್ಕೆ ಸುಕ್ಕುಸುಕ್ಕಾದ ಕಪ್ಪು ಬಣ್ಣ.

ಏನನ್ನು ನೋಡಿ ತೂಗಬೇಕು

ನಾನು ಈಗ ಐದು ವಿಷಯ ನೋಡುತ್ತೇನೆ. ಮೊದಲನೆಯದು ಕಾರು ಎಲ್ಲಿ ನಿಲ್ಲುತ್ತೆ ಅನ್ನುವುದು. ಒಟ್ಟು ಅಂಕದಲ್ಲಿ ಅರ್ಧ ಇದಕ್ಕೇ ಕೊಟ್ಟರೂ ತಪ್ಪಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲ್ಮೈ 70 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಮೈಸೂರಿನ ಹವಾ ತಂಪು ಅಂತ ನಾವು ಹೇಳಿಕೊಳ್ಳುವುದೆಲ್ಲ ಮರದ ನೆರಳಲ್ಲಿ ನಿಂತವರಿಗೆ. ಅದರ ಮೇಲೆ ಟಾಪ್ ತೆಗೆಯುವ ಕಾರು ಅಂದರೆ ಮಳೆಯೂ ಒಳಗೆ ಬರುತ್ತೆ. ಚಾಮುಂಡಿ ಬೆಟ್ಟ ಇಳಿಯುವಾಗ ಒಂದು ಮಳೆ ಹೊಡೆದರೆ ಟಾಪ್ ಏರಿಸುವಷ್ಟರಲ್ಲಿ ಡ್ಯಾಶ್‌ಬೋರ್ಡ್ ತೊಯ್ದಿರುತ್ತೆ.

ಎರಡನೆಯದು ಅಸಲಿತನ. ಕಾರನ್ನು ರ‍್ಯಾಲಿಗಳಲ್ಲಿ ತೀರ್ಪುಗಾರರ ಮುಂದೆ ನಿಲ್ಲಿಸುತ್ತೀರಾ, ಮುಂದೆ ಮಾರುವ ಯೋಚನೆ ಇದೆಯಾ, ಇಲ್ಲಾ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ತನಕ ಹೋಗಿ ಇಡ್ಲಿ ತಿಂದು ಬರಲಿಕ್ಕಾ? ಮೂರನೆಯದು ದುಡ್ಡು, ಅದರ ಜೊತೆಗೇ ಕಾಯುವ ತಾಳ್ಮೆ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಮಾಡಿದ್ದನ್ನು ಮುಂದೆ ತೆಗೆದುಹಾಕಬಹುದಾ? ಕೊನೆಯದು ಗಾಜಿನಲ್ಲಿ ಬೀಳುವ ಹೊಳಪು. ಸ್ಪೋರ್ಟ್ಸ್ ಕಾರಿನ ಮುಂದಿನ ಗಾಜು ಚಿಕ್ಕದು, ಹತ್ತಿರ. ಕನ್ನಡಿಯ ಹಾಗೆ ಮಿನುಗುವ ಡ್ಯಾಶ್ ಮಧ್ಯಾಹ್ನ ಕಣ್ಣಿಗೆ ಹೊಡೆಯುತ್ತೆ.

ಸ್ಟಿಕ್ಕರ್, ರೆಕ್ಸಿನ್

ಇದನ್ನು ಬೇಗ ಮುಗಿಸುತ್ತೇನೆ. ನಾನು ಮೊದಲು ಮಾಡಿಸಿದ್ದು ಇದನ್ನೇ. ಊರಿನ ಒಂದು ಕಾರ್ ಡೆಕೋರೇಷನ್ ಅಂಗಡಿಯಲ್ಲಿ ಮರದ ಗೆರೆ ಇರುವ ವಿನೈಲ್ ಹಾಳೆ ಅಂಟಿಸಿದರು. ಸುಮಾರು 2 ಸಾವಿರ ಆಯಿತು. ಡಿಸೆಂಬರ್‌ನಲ್ಲಿ ಸೊಗಸಾಗಿತ್ತು. ಮಾರ್ಚ್ ಬರುವ ಹೊತ್ತಿಗೆ ಮೀಟರಿನ ಸುತ್ತ ಗುಳ್ಳೆ ಎದ್ದವು. ಏಪ್ರಿಲ್‌ನಲ್ಲಿ ಅಂಚು ಸುರುಳಿ ಸುತ್ತಿತು. ಕೀಳಲು ಹೋದರೆ ಕೆಳಗಿದ್ದ ಹಳೇ ವಿನೀರ್ ಕೂಡ ಜೊತೆಗೇ ಬಂತು. ಅಂಗಡಿಯವರನ್ನು ಕೇಳಿದೆ, "ಬಿಸಿಲಿಗೆ ಯಾಕ್ ನಿಲ್ಸಿದ್ರಿ ಸಾರ್" ಅಂದರು. ಬಿಸಿಲಿಗೆ ನಿಲ್ಲಿಸದೆ ಕಾರನ್ನು ದೇವರಮನೆಯಲ್ಲಿ ಇಡಲಿಕ್ಕೆ ಆಗುತ್ತಾ?

ತಪ್ಪು ಪೂರ್ತಿ ಅವರದಲ್ಲ, ನಿಜ. ಕೆಳಗಿನ ಹಲಗೆಯೇ ಅಲುಗಾಡುತ್ತಿತ್ತು. ನೆಲ ಗಟ್ಟಿ ಇದ್ದರೆ, ಕಾರು ನೆರಳಲ್ಲಿದ್ದರೆ, ಒಳ್ಳೆ ಹಾಳೆ ಎರಡು ಮೂರು ವರ್ಷ ನಿಲ್ಲುತ್ತೆ. ಕಾರನ್ನು ಆರು ತಿಂಗಳಲ್ಲಿ ಮಾರುವವರಿಗೆ, ಇಲ್ಲಾ ದೊಡ್ಡ ಕೆಲಸಕ್ಕೆ ದುಡ್ಡು ಕೂಡಿಸುವ ತನಕ ಕಣ್ಣಿಗೆ ಸಮಾಧಾನ ಬೇಕಾದವರಿಗೆ ಇದು ಸರಿ. ರೆಕ್ಸಿನ್ ಅಥವಾ ಚರ್ಮ ಹೊದಿಸುವುದು ಇದಕ್ಕಿಂತ ಮೇಲು. ಸೀಟ್ ಹೊಲಿಯುವವರಲ್ಲಿ ಕೈ ಚೆನ್ನಾಗಿರುವವರು ಸಿಕ್ಕರೆ ಅಂದವಾಗಿಯೂ ಕಾಣುತ್ತೆ, ಹೊಳಪಿನ ಕಾಟವೂ ಇಲ್ಲ. ಆದರೆ ಹೊದಿಕೆಯ ದಪ್ಪ ಸೇರಿ ಮೀಟರಿನ ತೂತುಗಳು ಬಿಗಿಯಾಗುತ್ತವೆ, ಅದನ್ನು ಮೊದಲೇ ಲೆಕ್ಕ ಹಾಕಿರಬೇಕು.

ಇರುವುದನ್ನೇ ಉಳಿಸುವುದು

ಹಲಗೆ ಗಟ್ಟಿ ಇದ್ದು ಪಾಲಿಶ್ ಮಾತ್ರ ಬಿರುಕು ಬಿಟ್ಟಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಮಾಡಿ. ಖರ್ಚು ಕಡಿಮೆ, ಅಸಲಿತನ ಪೂರ್ತಿ ಉಳಿಯುತ್ತೆ.

ಒಂದೇ ಎಚ್ಚರ. ಆಚಾರಿ ಕೈಗೆ ಉಪ್ಪುಕಾಗದ ಕೊಡಬೇಡಿ, ಅದರಲ್ಲೂ ಮೆಷಿನ್ ಕೊಡಲೇಬೇಡಿ. ವಿನೀರ್ ಅನ್ನುವುದು ಅರ್ಧ ಮಿಲಿಮೀಟರ್ ಆಸುಪಾಸಿನ ಹಾಳೆ. ಬಾಗಿಲಿಗೆ ಉಜ್ಜಿದ ಹಾಗೆ ಉಜ್ಜಿದರೆ ಒಂದೇ ನಿಮಿಷದಲ್ಲಿ ಕೆಳಗಿನ ಪ್ಲೈ ಕಾಣಿಸುತ್ತೆ. ಪೇಂಟ್ ರಿಮೂವರ್ ಹಚ್ಚಿ, ಹಳೇ ಪಾಲಿಶ್ ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಮರದ ಗೆರೆಯ ದಿಕ್ಕಿನಲ್ಲೇ ಕೆರೆದು ತೆಗೆಯಬೇಕು. ಆಮೇಲೆ ಕೈಯಲ್ಲಿ 320 ನಂಬರಿನ ನಯವಾದ ಉಪ್ಪುಕಾಗದ ಒಂದೆರಡು ಸಲ ತೇಲಿಸಿದರೆ ಸಾಕು.

ಪಾಲಿಶ್ ಯಾವುದು ಅನ್ನುವುದು ಇಲ್ಲಿಯ ದೊಡ್ಡ ಪ್ರಶ್ನೆ. ಹಳೇ ಪದ್ಧತಿಯ ಅರಗಿನ ಪಾಲಿಶ್ ಕಣ್ಣಿಗೆ ಹಬ್ಬ. ಆದರೆ ಕಾರಿಗಲ್ಲ. ಬಿಸಿಗೆ ಮೆತ್ತಗಾಗುತ್ತೆ, ನೀರು ಬಿದ್ದರೆ ಬಿಳಿ ಕಲೆ ಉಳಿಯುತ್ತೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್, ಅದರಲ್ಲೂ ಮನೆಯ ಹೊರಬಾಗಿಲಿಗೆ ಹಾಕುವಂಥದ್ದು, ಬಿಸಿಲು ತಡೆಯುತ್ತೆ. ಮ್ಯಾಟ್ ಅಥವಾ ಅರೆ ಹೊಳಪು ಕೇಳಿ. ಪೇಂಟರ್ ಫುಲ್ ಗ್ಲಾಸಿ ಹೊಡೆಯೋಣ ಅಂತ ಹಠ ಮಾಡುತ್ತಾನೆ, ಒಪ್ಪಬೇಡಿ. ಹಲಗೆಯ ಹಿಂಭಾಗಕ್ಕೂ ತೂತುಗಳ ಒಳ ಅಂಚಿಗೂ ಎರಡು ಕೋಟ್ ಹೊಡೆಸಿ. ತೇವ ಒಳಗೆ ಹೋಗುವುದು ಅಲ್ಲಿಂದಲೇ.

ಹೊರದೇಶದಿಂದ ತರಿಸುವುದು

ಸ್ಪಿಟ್‌ಫೈರ್, ಎಂಜಿಬಿ, ಟಿಆರ್6 ಇಂಥ ಕಾರುಗಳಿಗೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಬಿಡಿಭಾಗ ಮಾರುವವರಿದ್ದಾರೆ. ರಿಮ್ಮರ್ ಬ್ರದರ್ಸ್, ಮಾಸ್ ಎರಡೂ ಹೆಸರು ಹಳೇ ಕಾರಿನವರಿಗೆಲ್ಲ ಗೊತ್ತು. ವಾಲ್ನಟ್ ವಿನೀರ್ ಹಾಕಿದ ಹಲಗೆ ತೂತು ಸಮೇತ ಬರುತ್ತೆ. ನಿಮ್ಮ ಕೆಲಸ ಬಿಚ್ಚಿ ಜೋಡಿಸುವುದಷ್ಟೇ.

ಬೆಲೆ ಕೆಲವು ನೂರು ಪೌಂಡ್. ನಿಜವಾದ ಪೆಟ್ಟು ಬೀಳುವುದು ಆಮೇಲೆ. ಉದ್ದನೆಯ, ಚಪ್ಪಟೆಯಾದ ಡಬ್ಬ ಆದ್ದರಿಂದ ಕೊರಿಯರ್‌ನವರು ತೂಕ ನೋಡದೆ ಅಳತೆ ನೋಡಿ ದುಡ್ಡು ಹಾಕುತ್ತಾರೆ. ಅದು ಸೇರಿದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ. ಆದ್ದರಿಂದ ಆರ್ಡರ್ ಮಾಡುವ ಮೊದಲು ಮನೆಗೆ ಬಂದು ಬೀಳುವ ಪೂರ್ತಿ ಬೆಲೆ ಲೆಕ್ಕ ಹಾಕಿ, ವೆಬ್‌ಸೈಟಿನಲ್ಲಿ ಕಂಡ ಬೆಲೆ ನೋಡಿ ಕುಣಿಯಬೇಡಿ. ಆರ್ಡರಿನಲ್ಲಿ ಇನ್ನೂ ಎರಡು ತಪ್ಪು ಸಾಮಾನ್ಯ. ಒಂದು, ಬಲಗೈ ಡ್ರೈವಿಂಗ್, ಎಡಗೈ ಡ್ರೈವಿಂಗ್ ಗೊಂದಲ. ಅಮೆರಿಕದ ಅಂಗಡಿಯಿಂದ ತರಿಸಿದರೆ ಸ್ಪೀಡೋಮೀಟರಿನ ತೂತು ಪಕ್ಕದಲ್ಲಿ ಕೂತವರ ಮುಂದೆ ಇರುತ್ತೆ. ಎರಡು, ವರ್ಷ. ಒಂದೇ ಮಾಡೆಲ್‌ನಲ್ಲೂ ಸ್ವಿಚ್ಚುಗಳ ಜಾಗ ಬದಲಾಗಿರಬಹುದು. ಚಾಸಿ ನಂಬರ್ ಬರೆದು ಕಳಿಸಿ, ಅವರೇ ಹೇಳುತ್ತಾರೆ.

ತೀರ್ಪುಗಾರರ ಮುಂದೆ ನಿಲ್ಲುವ ಕಾರಿಗೆ, ಹಲಗೆ ಪೂರ್ತಿ ಕೊಳೆತಿದ್ದರೆ, ನಾನು ಇದನ್ನೇ ಹೇಳುತ್ತೇನೆ. ಉಳಿದವರಿಗೆ ಇದರ ಅರ್ಧ ದುಡ್ಡಲ್ಲಿ ಊರಲ್ಲೇ ಕೆಲಸ ಆಗುತ್ತೆ.

ಮಂಡಿ ಮೊಹಲ್ಲಾದ ಕೈ

ಈಗ ನನಗೆ ಇಷ್ಟವಾದ ಭಾಗಕ್ಕೆ ಬಂದೆ. ಮೈಸೂರಿನಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ಬೇರೆ ಊರಿನವರಿಗಿಲ್ಲದ ಒಂದು ಅನುಕೂಲ ಇದೆ. ತೆಳು ಮರವನ್ನು ಕತ್ತರಿಸಿ, ಗೆರೆಗೆ ಗೆರೆ ಕೂಡಿಸಿ ಕೂರಿಸುವ ಕೆಲಸ ಇಲ್ಲಿ ತಲೆಮಾರುಗಳಿಂದ ಇದೆ. ಬೀಟೆ ಮರದ ಇನ್‌ಲೇ ಕೆಲಸ. ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಹೋದರೆ ಸಣ್ಣ ಸಣ್ಣ ಕೋಣೆಗಳಲ್ಲಿ ಕೂತು ಆನೆ, ನವಿಲು, ಹಳ್ಳಿ ಹೆಂಗಸರ ಚಿತ್ರ ಕೂರಿಸುವವರು ಸಿಗುತ್ತಾರೆ. ಹಿಂದೆ ದಂತ ಕೂರಿಸುತ್ತಿದ್ದರು. ಈಗ ಬೇರೆ ಬೇರೆ ಬಣ್ಣದ ಮರಗಳೇ. ಅರ್ಧ ಮಿಲಿಮೀಟರ್ ಹಾಳೆಯನ್ನು ಗೌರವದಿಂದ ಮುಟ್ಟುವ ಕೈ ಅಂದರೆ ಇವರದು.

ನಾನು ನನ್ನ ಕೊಳೆತ ಹಲಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಒಬ್ಬ ಹಿರಿಯ ಕಸುಬುದಾರರ ಹತ್ತಿರ ಹೋದೆ. ಅವರು ಕಾರಿನ ಹಲಗೆ ಹಿಂದೆ ಯಾವತ್ತೂ ಮಾಡಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು. ಹಿಂಭಾಗಕ್ಕೆ ಬೆರಳು ಹಾಯಿಸಿ, "ಹಿಂದೆನೂ ಹಾಳೆ ಹಾಕವ್ರೆ ನೋಡಿ ಸಾರ್, ಅದಕ್ಕೇ ಇಷ್ಟ್ ದಿನ ಬಾಗ್ದೆ ನಿಂತದೆ" ಅಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಪ್ಲೈವುಡ್ಡಿನ ಒಂದೇ ಕಡೆ ವಿನೀರ್ ಅಂಟಿಸಿದರೆ ಆ ಕಡೆ ಎಳೆದುಕೊಂಡು ಹಲಗೆ ಬಾಗುತ್ತೆ. ಹಿಂದೆಯೂ ಒಂದು ಅಗ್ಗದ ಹಾಳೆ ಹಾಕಿದರೆ ಎಳೆತ ಸಮ ಆಗುತ್ತೆ.

ಆಮೇಲೆ ಕೇಳಿದರು, "ಗ್ಲೋವ್ ಬಾಕ್ಸ್ ಮೇಲೆ ಒಂದ್ ಆನೆ ಹಾಕ್ಲಾ ಸಾರ್? ದಸರಾ ಆನೆ, ಅಂಬಾರಿ ಸಮೇತ." ಒಂದು ಕ್ಷಣ ಆಸೆ ಆಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಬೇಡ ಅಂದೆ. ಈಗಲೂ ಕೆಲವು ಸಲ ಹಾಕಿಸಬೇಕಿತ್ತು ಅನ್ನಿಸುತ್ತೆ.

ಕೈ ಅವರದು, ಆದರೆ ಸಾಮಾನು ನೀವು ಆರಿಸಬೇಕು. ಕಾರಿನ ಬಿಸಿ ಅವರಿಗೆ ಗೊತ್ತಿರುವುದಿಲ್ಲ. ಗೋಡೆಗೆ ನೇತುಹಾಕುವ ಚಿತ್ರಕ್ಕೆ ಸಾಕಾಗುವ ಬಿಳಿ ಅಂಟು ಕಾರಿನ ಬಿಸಿಗೆ ಮೆತ್ತಗಾಗಿ ಹಾಳೆ ಜಾರುತ್ತೆ. ಹಳದಿ ರಬ್ಬರ್ ಅಂಟು ಗುಳ್ಳೆ ಏಳುತ್ತೆ. ಬಿಸಿ ತಡೆಯುವ, ಎರಡು ಭಾಗ ಬೆರೆಸುವ ಎಪಾಕ್ಸಿ ತಂದು ಕೊಡಿ. ಪ್ಲೈವುಡ್ ಐಎಸ್ 710 ಅಂತ ಮುದ್ರೆ ಇರುವ, ನೀರು ತಡೆಯುವ ಮೆರೈನ್ ಗ್ರೇಡ್ ಇರಲಿ. ಅಂಗಡಿಯವರು "ವಾಟರ್‌ಪ್ರೂಫೇ ಸಾರ್" ಅಂತ ಐಎಸ್ 303, ಅಂದರೆ ಸಾಮಾನ್ಯ ಬಳಕೆಯ ಪ್ಲೈ, ಕೊಡಲು ನೋಡುತ್ತಾರೆ. ಒಂದು ಡ್ಯಾಶ್‌ಬೋರ್ಡಿಗೆ ಬೇಕಾಗುವ ತುಂಡಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದು ಹೋಟೆಲ್ ಊಟದಷ್ಟು.

ದಪ್ಪದ ವಿಷಯದಲ್ಲಿ ನಾನು ಪೆಟ್ಟು ತಿಂದೆ. ಗಟ್ಟಿ ಇರಲಿ ಅಂತ ಹಳೆಯದಕ್ಕಿಂತ 3 ಮಿಲಿಮೀಟರ್ ದಪ್ಪನೆಯ ಪ್ಲೈ ತಂದಿದ್ದೆ. ಹಲಗೆ ಬಂತು, ಅದ್ಭುತವಾಗಿತ್ತು. ಜೋಡಿಸಲು ಕೂತರೆ ಚೋಕ್ ಕೇಬಲ್ಲಿನ ಮರೆ ಆಚೆಗೆ ಬರುತ್ತಲೇ ಇಲ್ಲ, ನಟ್ ಹಿಡಿಯಲಿಕ್ಕೆ ಜಾಗವಿಲ್ಲ. ಸ್ವಿಚ್ಚುಗಳದ್ದೂ ಅದೇ ಗತಿ. ಹಿಂದಿನಿಂದ ಪ್ರತಿ ತೂತಿನ ಸುತ್ತ ಕೆರೆದು ತೆಳು ಮಾಡಬೇಕಾಯಿತು. ಹಳೆಯದರ ದಪ್ಪವನ್ನು ಉಬ್ಬದೇ ಇರುವ ಜಾಗದಲ್ಲಿ ಕ್ಯಾಲಿಪರ್ ಇಟ್ಟು ಅಳೆದು, ಅಷ್ಟೇ ತನ್ನಿ. ಎರಡೂ ಕಡೆಯ ವಿನೀರಿನ ದಪ್ಪ ಕಳೆಯುವುದನ್ನು ಮರೆಯಬೇಡಿ.

ಮರ ಯಾವುದು? ಅಸಲಿಗೆ ಹತ್ತಿರ ಬೇಕಾದರೆ ವಾಲ್ನಟ್ ವಿನೀರ್ ಬೆಂಗಳೂರಿನಿಂದ ತರಿಸಬಹುದು. ತೇಗದ ವಿನೀರ್ ಎಲ್ಲ ಕಡೆ ಸಿಗುತ್ತೆ, ಬಿಸಿಲಿಗೆ ಚೆನ್ನಾಗಿ ಬಾಳುತ್ತೆ, ಆದರೆ ಒಂದು ಸ್ವಲ್ಪ ಮನೆ ಬಾಗಿಲಿನ ಹಾಗೆ ಕಾಣುತ್ತೆ. ನಾನು ಬೀಟೆಗೆ ಸೋತೆ. ಕಪ್ಪು ಕಾಫಿಗೆ ಬೆಳಕು ಬಿದ್ದ ಹಾಗಿರುವ ಬಣ್ಣ. ಅದರಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟಿಸುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಲೇಬೇಕು. ಮತ್ತೆ ಬೀಟೆ ಕಾಯ್ದಿಟ್ಟ ಮರ. ಕಡಿಯಲಿಕ್ಕೂ ಸಾಗಿಸಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಯಾರೋ ಹಳೇ ತೊಲೆ ಇದೆ ಅಂದರು ಅಂತ ಹೋಗಬೇಡಿ, ಅಂಗಡಿಯಲ್ಲಿ ಬಿಲ್ ಸಮೇತ ಹಾಳೆ ತೆಗೆದುಕೊಳ್ಳಿ. ಕಾರನ್ನು ಮುಂದೆ ಹೊರದೇಶಕ್ಕೆ ಮಾರುವ ಯೋಚನೆ ಇರುವವರು ಬೀಟೆ ಬಿಟ್ಟು ವಾಲ್ನಟ್ ಹಿಡಿಯುವುದೇ ವಾಸಿ. ಗಡಿ ದಾಟುವಾಗ ಈ ಜಾತಿಯ ಮರಕ್ಕೆ ಬೇರೆ ಕಾಗದಪತ್ರ ಕೇಳುತ್ತಾರೆ.

ನನಗೆ ಮರ, ಅಂಟು, ಪಾಲಿಶ್, ಕೂಲಿ ಎಲ್ಲ ಸೇರಿ 16 ಸಾವಿರದ ಹತ್ತಿರ ಬಂತು. ಐದು ವಾರ ಹಿಡಿಯಿತು. ಹಬ್ಬದ ಮುಂಚೆ ಹೋದರೆ ಜಾಸ್ತಿ ಹಿಡಿಯುತ್ತೆ, ದಸರಾ ಹೊತ್ತಿನಲ್ಲಿ ಅವರಿಗೆ ಪ್ರವಾಸಿಗರ ಕೆಲಸವೇ ಕೈತುಂಬಾ ಇರುತ್ತೆ. ಅಸಲಿ ಅಲ್ಲ, ನಿಜ. ತೀರ್ಪುಗಾರರು ಒಂದೆರಡು ಅಂಕ ಕಳೆಯಬಹುದು. ನನಗೆ ಅದು ಲೆಕ್ಕಕ್ಕಿಲ್ಲ.

ಅಲ್ಯೂಮಿನಿಯಂ

ಬಿಸಿಲಲ್ಲೇ ನಿಲ್ಲುವ ಕಾರಿಗೆ, ದಿನಾ ಓಡಿಸುವವರಿಗೆ ಮರ ಬೇಡವೇ ಬೇಡ ಅಂತ ನಾನು ಖಡಾಖಂಡಿತ ಹೇಳುತ್ತೇನೆ. 2 ಅಥವಾ 3 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇಸರ್ ಕಟಿಂಗ್, ಮೇಲೆ ಮ್ಯಾಟ್ ಕಪ್ಪು ಪೌಡರ್ ಕೋಟಿಂಗ್. ಹಳೇ ಹಲಗೆಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕೊಟ್ಟರೆ ಅರ್ಧ ದಿನದ ಕೆಲಸ. ಪರಿಚಯದವರೊಬ್ಬರಿಗೆ ಎಲ್ಲ ಸೇರಿ 7 ಸಾವಿರದೊಳಗೆ ಆಯಿತು. ಮಳೆಯ ಭಯವಿಲ್ಲ, ಗೆದ್ದಲಿನ ಭಯವಿಲ್ಲ.

ಈ ಕಾರುಗಳಲ್ಲಿ ಬರುವ ಸ್ಮಿತ್ಸ್ ಕಂಪನಿಯ ಮೀಟರುಗಳಲ್ಲಿ ದೊಡ್ಡವು ಸಾಮಾನ್ಯವಾಗಿ 100, ಚಿಕ್ಕವು 52 ಮಿಲಿಮೀಟರ್ ಅಂತ ಎಲ್ಲರೂ ಹೇಳುತ್ತಾರೆ. ಆದರೂ ನಿಮ್ಮದನ್ನು ಅಳೆಯದೆ ಕಟಿಂಗ್‌ಗೆ ಕೊಡಬೇಡಿ. ಮರವಾದರೆ ಕೆರೆದು ಸರಿ ಮಾಡಬಹುದು, ತಗಡಿನಲ್ಲಿ ಹೋದದ್ದು ಹೋಯಿತು. ಮೊದಲು ಅದೇ ಡ್ರಾಯಿಂಗನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಕಾರಿನಲ್ಲಿ ಕೂರಿಸಿ ನೋಡಿ. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿಸಿ, ಮೊಣಕಾಲು ತಾಗುವ ಜಾಗ ಅದು. ಬರಿ ಅಲ್ಯೂಮಿನಿಯಂ ಪಾಲಿಶ್ ಮಾಡಿ ಬಿಡುವ ಆಸೆ ಕೆಲವರಿಗಿದೆ. ಫೋಟೋದಲ್ಲಿ ಚೆಂದ. ಮಧ್ಯಾಹ್ನ ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿ ನೋಡಿ, ಗೊತ್ತಾಗುತ್ತೆ.

ಅಸಲಿತನ ಇಲ್ಲಿ ಸೊನ್ನೆ. ಆದರೆ ಅಸಲಿ ಹಲಗೆಯನ್ನು ಸುತ್ತಿ ಅಟ್ಟದ ಮೇಲೆ ಇಟ್ಟರೆ ಯಾವತ್ತಾದರೂ ವಾಪಸ್ ಹಾಕಬಹುದು. ಮಾಡಿದ್ದನ್ನು ತೆಗೆದುಹಾಕಬಹುದಾ ಅನ್ನುವ ನಾಲ್ಕನೆಯ ಪ್ರಶ್ನೆಗೆ ಪೂರ್ತಿ ಅಂಕ ಸಿಗುವುದು ಇದಕ್ಕೇ.

ನಿಮ್ಮದು ಮರದ್ದೇ ಅಲ್ಲದಿದ್ದರೆ

ಪೋರ್ಷೆ 944 ಥರದ ಕಾರಿನವರದು ಬೇರೆ ಪಾಡು. ಅಲ್ಲಿ ಮೇಲೆ ವಿನೈಲ್ ಚರ್ಮ, ಕೆಳಗೆ ಫೋಮ್. ಬಿಸಿಲಿಗೆ ಸೀಳು ಬಿಡುತ್ತೆ. ಸೀಳಿಗೆ ಫಿಲ್ಲರ್ ತುಂಬಿ ಬಣ್ಣ ಹೊಡೆದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತೆ, ಫೋಮ್ ಹಿಗ್ಗುವುದು ಕುಗ್ಗುವುದು ನಿಲ್ಲುವುದಿಲ್ಲ. ಮೇಲೆ ಕೂರಿಸುವ ಪ್ಲಾಸ್ಟಿಕ್ ಟೋಪಿ ಹಾಕಿ, ಇಲ್ಲಾ ಪೂರ್ತಿ ಕಳಚಿ ಹೊಸ ಚರ್ಮ ಹೊದಿಸಿ.

ಮರ್ಸಿಡಿಸ್ ಎಸ್‌ಎಲ್‌ಕೆಯ ಮೊದಲ ತಲೆಮಾರಿನವರದು ಇನ್ನೊಂದು ಗೋಳು. ಪ್ಲಾಸ್ಟಿಕ್ ಮೇಲಿನ ಮೆತ್ತನೆ ಲೇಪನ ಅಂಟಂಟಾಗಿ ಸುಲಿಯುತ್ತೆ, ಬೆಲ್ಲದ ಪಾಕ ಮುಟ್ಟಿದ ಹಾಗೆ. ಅಲ್ಲಿ ಪ್ಯಾನೆಲ್ ಬದಲಿಸುವ ಅಗತ್ಯವೇ ಇಲ್ಲ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಉಜ್ಜಿ ತೆಗೆದು, ಪ್ಲಾಸ್ಟಿಕ್ ಪ್ರೈಮರ್ ಮೇಲೆ ಮ್ಯಾಟ್ ಬಣ್ಣ ಹೊಡೆಸಿ. ಏರ್‌ಬ್ಯಾಗ್ ಇರುವ ಯಾವ ಕಾರಿನಲ್ಲೂ ಅದರ ಮುಚ್ಚಳದ ಮೇಲೆ ಚರ್ಮ, ಸ್ಟಿಕ್ಕರ್, ಹೊಲಿಗೆ ಏನೂ ಬೇಡ. ಅಂಗಡಿಯವರು ಏನಾಗಲ್ಲ ಅಂದರೂ ಬೇಡ.

ಬಿಚ್ಚುವಾಗ, ಜೋಡಿಸುವಾಗ

ಯಾವ ದಾರಿ ಹಿಡಿದರೂ ಮೊದಲು ಬ್ಯಾಟರಿಯ ಅರ್ಥ್ ತಂತಿ ಬಿಚ್ಚಿ. ಆಮೇಲೆ ಪ್ರತಿ ತಂತಿಗೂ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆದು, ಫೋಟೋ ತೆಗೆದುಕೊಳ್ಳಿ. ಹಳೇ ಬ್ರಿಟಿಷ್ ಕಾರಿನ ಲ್ಯೂಕಾಸ್ ಕಂಪನಿಯ ವೈರಿಂಗ್ ಬಣ್ಣಗಳಿಗೆ ಅರ್ಥ ಇದೆ: ಕಂದು ಅಂದರೆ ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ಥ್. ಆದರೆ 50 ವರ್ಷದ ಕಾರಿನಲ್ಲಿ ನಡುವೆ ಯಾರೋ ಕೈಗೆ ಸಿಕ್ಕ ತಂತಿ ಹಾಕಿರುತ್ತಾರೆ. ಪುಸ್ತಕ ನಂಬಬೇಡಿ, ಟೇಪ್ ನಂಬಿ.

ತಗಡಿನ ಡ್ಯಾಶ್ ತೆಗೆದು ಮರ ಹಾಕುವವರಿಗೆ ಒಂದು ವಿಶೇಷ ಎಚ್ಚರಿಕೆ. ತಗಡಿನಲ್ಲಿ ಮೀಟರುಗಳಿಗೆ ಅರ್ಥ್ ತಾನಾಗಿಯೇ ಸಿಗುತ್ತಿತ್ತು. ಮರದಲ್ಲಿ ಸಿಗುವುದಿಲ್ಲ, ಪ್ರತಿಯೊಂದಕ್ಕೂ ಕಪ್ಪು ತಂತಿ ಎಳೆಯಬೇಕು. ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್ ಎರಡಕ್ಕೂ ಹಿಂದೆ ಒಂದು ಚಿಕ್ಕ ಡಬ್ಬಿಯಿಂದ 10 ವೋಲ್ಟ್ ಹೋಗುತ್ತೆ. ಆ ಸ್ಟೆಬಿಲೈಸರ್‌ಗೆ ಅರ್ಥ್ ಸರಿಯಾಗಿ ಸಿಗದಿದ್ದರೆ ಎರಡೂ ಮುಳ್ಳು ಒಟ್ಟಿಗೆ ಮೇಲಕ್ಕೇರುತ್ತವೆ. ಟ್ಯಾಂಕ್ ಫುಲ್, ಎಂಜಿನ್ ಕುದಿಯುತ್ತಿದೆ ಅಂತ ತೋರಿಸುತ್ತೆ. ನಾನು ಇದನ್ನು ನೋಡಿ ಗಾಬರಿಯಾಗಿ ರೇಡಿಯೇಟರ್ ಬಿಚ್ಚಿಸಿದ್ದೆ.

ಮಂಡ್ಯದ ಗೆಳೆಯರಿಗೂ ಇದನ್ನೆಲ್ಲ ಹೇಳಿದೆ. ಅವರ ಕಾರು ಮನೆ ಮುಂದೆ ತಗಡಿನ ಶೀಟಿನ ಕೆಳಗೆ ನಿಲ್ಲುತ್ತೆ, ಬೇಸಿಗೆಯಲ್ಲಿ ಒಲೆ ಇದ್ದ ಹಾಗೆ. ರ‍್ಯಾಲಿಯ ಆಸೆ ಇದೆ, ಮೊಮ್ಮಗಳ ಮದುವೆ ಖರ್ಚೂ ಇದೆ. ಅಲ್ಯೂಮಿನಿಯಂ ಹಾಕಿಸಿ ಅಂತ ಹೇಳುವವನಿದ್ದೆ. ಅಷ್ಟರಲ್ಲಿ ನೆನಪಾಯಿತು, ಅವರದು ಶುರುವಿನ ವರ್ಷಗಳ ಎಂಜಿಬಿ. "ಒಂದ್ ಕೆಲ್ಸ ಮಾಡಿ, ಎದ್ದಿರೋ ಹಾಳೆ ಮೂಲೇಲಿ ಸ್ವಲ್ಪ ಕಿತ್ತು ಕೆಳಗೆ ಏನಿದೆ ನೋಡಿ" ಅಂದೆ.

ಹತ್ತು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು. ಒಣಗಿದ ಹಳದಿ ಅಂಟು, ಅದರ ಕೆಳಗೆ ಸುಕ್ಕುಸುಕ್ಕಾದ ಕಪ್ಪು ಬಣ್ಣ, ಕಾರ್ಖಾನೆಯದ್ದೇ. ಈಗ ಅವರು ಸಂಜೆ ಸಂಜೆ ಕೂತು ಅಂಟು ಬಿಡಿಸುತ್ತಿದ್ದಾರೆ. ನಿನ್ನೆ ಕೇಳಿದ್ದು, ಅಲ್ಲಲ್ಲಿ ಕಿತ್ತುಬಂದ ಕಡೆಗೆ ರಿಂಕಲ್ ಪೇಂಟ್ ಡಬ್ಬಿ ಎಲ್ಲಿ ಸಿಗುತ್ತೆ, ಮನೆಯ ಹೇರ್ ಡ್ರೈಯರ್ ಬಿಸಿ ಸುಕ್ಕು ಬರಿಸಲು ಸಾಕಾ ಅಂತ. ಸಾಲದು, ಹೀಟ್ ಗನ್ ಬೇಕು ಅಂದೆ. ನನ್ನದನ್ನೇ ಭಾನುವಾರ ತೆಗೆದುಕೊಂಡು ಹೋಗುತ್ತಿದ್ದೇನೆ.